ಕರೆದವರಿಗೆಲ್ಲ ಓಗೊಡುವ ಪೈಲಟ್

ಹೋದ ತಿಂಗಳು ಅಣ್ಣಿಗೇರಿಯಲ್ಲಿ ನಮ್ಮ ಚಿಗವ್ವನ ಮಗಳ ಮದುವೆ ಇತ್ತು. ಮದುಮಗಳಿಗೆ ಸೀರೆ ಉಡಿಸಲು ನನ್ನನ್ನು ಕಲ್ಯಾಣ ಮಂಟಪದ ಮೇಲಿನ ಕೋಣೆಗೆ ಕಳಿಸಿದರು. ಬಾಗಿಲು ತೆಗೆದ ಕೂಡಲೇ ಹಸಿ ಗೋಡೆ, ಹಳೇ ಗಾದಿ, ಕೆಳಗಿನ ಅಡುಗೆಮನೆಯಿಂದ ಏರಿ ಬರುವ ಒಗ್ಗರಣೆ, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಸೀರೆ ಕೈಯಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಒಂದು ಮಳೆಗಾಲ ಪೂರ್ತಿ, ಪೈಲಟ್ ಆಗಲು ಹೊರಟಿದ್ದ ಹನ್ನೊಂದು ಹುಡುಗರ ತಲೆ ಪರೀಕ್ಷೆ ಮಾಡಿದವಳು ನಾನು.

ತಲೆ ಪರೀಕ್ಷೆ ಎಂದರೆ ಊರವರು ತಿಳಿದುಕೊಂಡ ಹಾಗಲ್ಲ. ಎದುರಿನ ಚಹದಂಗಡಿಯವನು ಮೊದಲ ವಾರವೇ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಮೇಡಂ, ನಮ್ಮ ಸಡ್ಡಕಂದೂ ಒಮ್ಮೆ ನೋಡಬೇಕ್ರಿ. ಹುಣ್ಣಿವಿ ಅಮಾಸಿಗೆ ಭಾಳ ಹಾರಾಡತಾನ" ಅಂದಿದ್ದ. ಇದು ಹಾಗೆ ಹಾರಾಡುವವರ ಪರೀಕ್ಷೆ ಅಲ್ಲ, ವಿಮಾನ ಹಾರಿಸುವವರದು ಎಂದು ಎಷ್ಟು ತಿಳಿಸಿ ಹೇಳಿದರೂ ಅವನಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ನಾನಾಗ ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ನವಲಗುಂದದ ಮನೆಯಲ್ಲಿ ಕೂತಿದ್ದೆ. ಒಂದು ಖಾಸಗಿ ವಿಮಾನ ತರಬೇತಿ ಶಾಲೆಯವರು ಮಳೆಗಾಲದ ನಾಲ್ಕು ತಿಂಗಳಿಗೆ ಪರೀಕ್ಷಕಿ ಬೇಕು ಎಂದರು. ಅವರ ರನ್‌ವೇ ಬೇರೆ ಜಿಲ್ಲೆಯಲ್ಲಿತ್ತು. ಮಳೆಗಾಲದಲ್ಲಿ ಮೋಡ ಇಳಿದು ಸಣ್ಣ ವಿಮಾನಗಳನ್ನು ಮೇಲೆ ಬಿಡುವಂತಿಲ್ಲ. ಆ ದಿನಗಳಲ್ಲಿ ಹುಡುಗರಿಗೆ ಪಾಠ, ಜೊತೆಗೆ ಬುದ್ಧಿ ಗಮನಗಳ ಪರೀಕ್ಷೆ. ಇತ್ತ ಆಷಾಢ ಹಿಡಿದ ಮೇಲೆ ಲಗ್ನಗಳಿಲ್ಲದೆ ಕಲ್ಯಾಣ ಮಂಟಪವೂ ಖಾಲಿ. ಶಾಲೆಯ ಪಾಲುದಾರರೊಬ್ಬರಿಗೆ ಮಂಟಪದ ಮಾಲೀಕರು ಬೀಗರು. ಹೀಗಾಗಿ ಹುಡುಗರು ಅಲ್ಲೇ ಬಿಡಾರ ಹೂಡಿದರು, ಊಟದ ಹಾಲಿನಲ್ಲಿ ವಿಮಾನದ ಪಾಠ ಶುರುವಾಯಿತು, ಮದುಮಗಳ ಕೋಣೆಯಲ್ಲಿ ನನ್ನ ಪರೀಕ್ಷೆಯ ಯಂತ್ರ ಬಂದು ಕೂತಿತು. ಅದರ ಪರದೆಯ ಹಿಂದೆ, ಗೋಡೆಯ ಮೇಲೆ, ಯಾವುದೋ ಜೋಡಿಯ ಹೆಸರಿರುವ ಥರ್ಮಾಕೋಲಿನ ಹೃದಯ ಹಾಗೇ ಅಂಟಿಕೊಂಡಿತ್ತು. ತೆಗೆಯಲು ಹೋದರೆ ಸುಣ್ಣವೂ ಕಿತ್ತು ಬರುತ್ತಿತ್ತು.

ಪರೀಕ್ಷೆ ಹೀಗೆ. ಹುಡುಗ ಪರದೆಯ ಮುಂದೆ ಕೂಡುತ್ತಾನೆ. ಬಲಗೈಯಲ್ಲಿ ಒಂದು ಕೋಲು. ಅದನ್ನು ಆಡಿಸುತ್ತ, ಓಡಿ ಹೋಗುವ ಒಂದು ಚುಕ್ಕೆಯನ್ನು ವೃತ್ತದೊಳಗೆ ಇಟ್ಟುಕೊಳ್ಳಬೇಕು. ಅದೇ ಹೊತ್ತಿಗೆ ಮೂಲೆಯಲ್ಲಿ ಕೂಡಿಸುವ ಕಳೆಯುವ ಲೆಕ್ಕ ಬರುತ್ತವೆ, ಎಡಗೈಯಿಂದ ಉತ್ತರ ಒತ್ತಬೇಕು. ಇಷ್ಟು ಸಾಲದೆಂದು ಕಿವಿಗೆ ಹೆಡ್‌ಫೋನು. ಅದರೊಳಗೆ ಒಬ್ಬ ಹೆಂಗಸಿನ ದನಿ ವಿಮಾನಗಳನ್ನು ನಂಬರು ಹಿಡಿದು ಕರೆಯುತ್ತದೆ. ಯಾರು ಕೂತರೂ ಅವರ ನಂಬರು ಸೆವೆನ್. "ನಂಬರ್ ಸೆವೆನ್" ಎಂದಾಗ ಮಾತ್ರ ಕೋಲಿನ ಮೇಲಿನ ಗುಂಡಿ ಒತ್ತಬೇಕು. ಉಳಿದ ಕರೆಗಳಿಗೆ ಒತ್ತಕೂಡದು. ಆಕಾಶದಲ್ಲಿ ಹತ್ತು ಜನರ ಮಾತು ಒಂದೇ ಕಿವಿಗೆ ಬೀಳುತ್ತದೆ. ತನ್ನದನ್ನು ಸೋಸಿಕೊಳ್ಳಲಾರದವನ ಕೈಯಲ್ಲಿ ವಿಮಾನ ಕೊಡಲಾಗದು. ಮೂರು ಸಲ ಕೂಡಲು ಅವಕಾಶ. ಮೂರನೆಯದರಲ್ಲೂ ಬಿದ್ದರೆ ಪಟ್ಟಿಯಿಂದ ಹೆಸರು ತೆಗೆಯುವುದು, ಮಳೆ ನಿಂತ ಮೇಲೆ ವಿಮಾನ ಹತ್ತುವ ಹಾಗಿಲ್ಲ.

ನನಗೆ ಈ ಯಂತ್ರದ ಮೇಲೆ ಬಲವಾದ ನಂಬಿಕೆ. ಅದು ಹೇಳಿದ್ದೇ ಹುಡುಗನ ಹಣೆಬರಹ ಎಂದು ತಿಳಿದಿದ್ದೆ. ಹೊಸ ಡಿಗ್ರಿಯ ಬಿಸಿ, ಬೇರೇನಲ್ಲ.

ಮೊದಲ ಸುತ್ತಿನಲ್ಲಿ ಹತ್ತು ಜನ ಪಾಸಾದರು. ಬಿದ್ದವನೊಬ್ಬನೇ, ಮೊರಬದ ದಾವಲ್. ಎತ್ತರದ, ಸ್ವಲ್ಪ ಬಾಗಿ ನಡೆಯುವ ಹುಡುಗ. ಏಳನೇ ಇಯತ್ತೆಯಿಂದ ಪೈಲಟ್ ಆಗುತ್ತೇನೆ ಎನ್ನುತ್ತಿದ್ದನಂತೆ, ಮೊರಬದಲ್ಲಿ ಅವನನ್ನು ಈಗಾಗಲೇ ಅದೇ ಹೆಸರಿನಿಂದ ಕರೆಯುತ್ತಿದ್ದರು. ವಿಚಿತ್ರವೆಂದರೆ ಚುಕ್ಕೆ ಹಿಡಿಯುವುದರಲ್ಲಿ ಅವನೇ ಮೊದಲಿಗ, ಲೆಕ್ಕದಲ್ಲಿ ಎರಡನೆಯವ. ಕೆಟ್ಟಿದ್ದು ಕರೆಯ ಭಾಗ. ಟೂ ಎಂದರೂ ಒತ್ತಿದ್ದ, ನೈನ್ ಎಂದರೂ ಒತ್ತಿದ್ದ. ನಾನು ಅವನ ಫಾರ್ಮಿನ ಮೇಲೆ "ಗಮನ ಸೋಸುವ ಶಕ್ತಿ ಕಡಿಮೆ" ಎಂದು ಚಂದದ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಎರಡನೇ ಸಲ, ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ, ಅವನ ಬಾಜುವಿಗೇ ಕುರ್ಚಿ ಹಾಕಿಕೊಂಡು ಕೂತೆ. ಆಗ ಒಂದು ಸಂಗತಿ ಗೊತ್ತಾಯಿತು. ಅವನು ಬರೀ ಗುಂಡಿ ಒತ್ತುತ್ತಿರಲಿಲ್ಲ. ಪ್ರತಿ ಕರೆಗೂ ಬಾಯೊಳಗೇ "ರೀ… ಹಾಂ ರೀ… ಬಂದೆ ರೀ" ಅನ್ನುತ್ತಿದ್ದ. ಎರಡನೆಯದೂ ಬಿತ್ತು. ಹೆಡ್‌ಫೋನು ತೆಗೆಸಿ ಕೇಳಿದೆ.

"ದಾವಲ್, ನಿನ್ನ ನಂಬರ್ ಯಾವ್ದು?"

"ಸೆವೆನ್ ರೀ ಮೇಡಂ."

"ಮತ್ತ ಟೂ ಅಂದ್ರೂ ಒತ್ತತಿ, ನೈನ್ ಅಂದ್ರೂ ಒತ್ತತಿ. ಯಾಕ?"

ಅವನು ತಲೆ ಕೆರೆದುಕೊಂಡ. "ಕರದಾರಲ್ರಿ ಮೇಡಂ."

"ನಿನ್ನ ಕರದಿಲ್ಲಲ್ಲೋ!"

"ನನ್ನ ಕರದಿಲ್ರಿ. ಆದ್ರ ಕರದಿದ್ದಂತೂ ಖರೆ ಐತಲ್ರಿ. ಆ ಕಡಿಂದ ಯಾರೂ ಓ ಅನ್ನವಲ್ರು. ಹಂಗ ಬಿಟ್ರ ಚಂದ ಕಾಣಂಗಿಲ್ರಿ."

ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು. ನಮ್ಮ ಕಡೆ ಓಣಿಯಲ್ಲಿ ಯಾರೋ ನಿಂತು "ಬಸಣ್ಣಾ" ಎಂದು ಕೂಗಿದರೆ, ಬಸಣ್ಣ ಮನೆಯಲ್ಲಿ ಇಲ್ಲದಿದ್ದರೆ ಬಾಜು ಮನೆಯವರು ಓ ಅನ್ನುತ್ತಾರೆ. "ಅಂವ ಇಲ್ರಿ, ಹೊಲಕ್ಕ ಹೋಗ್ಯಾನ, ಬರ್ರಿ ಚಾ ಕುಡದ ಹೋಗೀರಂತ" ಅನ್ನುತ್ತಾರೆ. ಬಾಜುವಿನವರೂ ಇಲ್ಲದಿದ್ದರೆ ಎದುರಿನವರು. ಕರೆ ಎಂಬುದು ಗಾಳಿಯಲ್ಲಿ ಹಾಗೇ ನಿಲ್ಲಬಾರದು, ಯಾರಾದರೂ ಅದನ್ನು ಹಿಡಿಯಲೇಬೇಕು. ನಾನೂ ಹಾಗೇ ಬೆಳೆದವಳು. ಯಂತ್ರ ಮಾಡಿದ ಪುಣ್ಯಾತ್ಮರಿಗೆ ಇದು ಗೊತ್ತಿರಲಿಲ್ಲ, ಫಾರ್ಮಿನಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ. ಹುಡುಗನ ತಲೆ ಚೊಕ್ಕವಾಗಿತ್ತು. ಅಡ್ಡ ಬಂದಿದ್ದು ಅವನ ಮರ್ಯಾದೆ.

ಆದರೂ ನಿಯಮ ನಿಯಮವೇ. ಉಳಿದದ್ದು ಒಂದೇ ಸಲ, ಅದೂ ತಿಂಗಳೊಪ್ಪತ್ತಿನೊಳಗೆ. ನಾನು ಒಂದು ಔಷಧ ಕಂಡುಹಿಡಿದೆ. ಇಂದಿನಿಂದ ಯಾರೇ ಕರೆದರೂ ದಾವಲ್ ಓ ಅನ್ನಕೂಡದು. "ಸೆವೆನ್" ಎಂದು ಕರೆದರೆ ಮಾತ್ರ ಉತ್ತರ. ಉಳಿದ ಹತ್ತೂ ಹುಡುಗರು ಅವನನ್ನು ಎದ್ದಲ್ಲಿ ಕೂತಲ್ಲಿ ಕರೆಯಬೇಕು.

ಹುಡುಗರಿಗೆ ಇಂಥ ಕೆಲಸ ಹೇಳಿಕೊಡಬೇಕೇ? ದಾವಲ್ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಹತ್ತು ದನಿ. ಪಾಪ, ಅವನು ಒಳಗೆ ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಅಷ್ಟರಮಟ್ಟಿಗೆ ಸರಿಯೇ ಇತ್ತು. ಆದರೆ ಅಡುಗೆಯ ಗಂಗಕ್ಕನಿಗೆ ಈ ವಿಷಯ ಹೇಳಲು ನನಗೆ ಮರೆತುಹೋಯಿತು. "ದಾವಲಾ, ಇನ್ನೊಂದ ರೊಟ್ಟಿ ಹಾಕ್ಲೇನೋ?" ಎಂದು ಅವಳು ಮೂರು ದಿನ ಕೇಳಿದಳು. ಅವನು ಗೋಡೆ ನೋಡುತ್ತ ಕೂತ. ನಾಲ್ಕನೇ ದಿನ ಅವಳು ಸೌಟು ಕೆಳಗಿಟ್ಟು ಎಲ್ಲರ ಮುಂದೆ ಹೇಳಿಬಿಟ್ಟಳು.

"ಇನ್ನ ವಿಮಾನ ಹತ್ತಿಲ್ಲ ಇಂವ, ಈಗ ಇಷ್ಟ ಸೊಕ್ಕ! ಹತ್ತಿದ ಮ್ಯಾಲ ನಮ್ಮನ್ನ ಇರವಿ ಅಂತಾನ."

ಅಂದಿನಿಂದ ದಾವಲನಿಗೆ ಎರಡೇ ರೊಟ್ಟಿ. ಆ ಎತ್ತರದ ಮೈಗೆ ಅದು ಎಲ್ಲಿಗೂ ಸಾಲುತ್ತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಅದರ ಮುಂದಿನ ಸೋಮವಾರ. ಕೆಳಗೆ ಗಲಾಟೆ ಕೇಳಿ ಇಳಿದು ಬಂದೆ. ಮೊಣಕಾಲ ತನಕ ಎರೆಮಣ್ಣು ಮೆತ್ತಿಕೊಂಡ ಒಬ್ಬ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಬುತ್ತಿ ಗಂಟು.

"ತಲಿ ನೋಡೂ ಅಕ್ಕಾರು ಯಾರ್ರಿ ಇಲ್ಲೆ?"

"ನಾನ ರೀ."

"ನಾ ದಾವಲನ ಅವ್ವರಿ. ನಮ್ಮ ಹುಡುಗನ ಕಿವಿ ಏನ ಮಾಡೀರಿ ನೀವು?"

ಕೂಡಿಸಿ ನೀರು ಕೊಟ್ಟ ಮೇಲೆ ಕತೆ ಹೊರಬಂತು. ಭಾನುವಾರ ಮಗ ಮನೆಗೆ ಹೋಗಿದ್ದಾನೆ. ಅಜ್ಜಿ ಎಂಟು ಸಲ ಕರೆದಿದ್ದಾಳೆ. ಇವನು ಒಮ್ಮೆಯೂ ತಿರುಗಿ ನೋಡಿಲ್ಲ. "ಕಿವಿಗೆ ಅದೇನೋ ಕಟ್ಟತಾರಂತಲ್ರಿ, ಅದರಿಂದ ಹೋದ್ವು ಕಿವಿ ಅಂತ ನಮ್ಮ ಅತ್ತಿ ಎದಿ ಬಡಕೊಂಡ ಅಳಾಕತ್ತಾರ. ಬೆಳ್ಳುಳ್ಳಿ ಎಣ್ಣಿ ಕಾಸಿ ಎರಡೂ ಕಿವಿಗೆ ಬಿಟ್ಟಾರ. ಅದಕ್ಕೂ ಇಂವ ಪಿಟ್ ಅನ್ನಲಿಲ್ಲ!"

"ಕಿವಿ ಅಗದಿ ಚಲೋ ಅದಾವ್ರಿ ಅವ್ವಾರ. ಓ ಅನಬ್ಯಾಡ ಅಂತ ನಾನ ಹೇಳೀನಿ."

ಅವಳು ನನ್ನನ್ನು ಕಾಲಿಂದ ತಲೆಯ ತನಕ ನೋಡಿದಳು. "ನೀವು ಹೇಳಿದ್ರಿ? ಕಲಿತವ್ರು ನೀವು. ದೊಡ್ಡವ್ರು ಕರದ್ರ ಓ ಅನಬ್ಯಾಡ ಅಂತ ಕಲಸ್ತೀರಿ? ಇಂಥಾದ್ದ ಕಲಿಯಾಕ ಅಣ್ಣಿಗೇರಿಗೆ ಯಾಕ ಬರಬೇಕ್ರಿ, ಊರಾಗ ಉಡಾಳರು ಕಮ್ಮಿ ಅದಾರೇನು?"

ಅವಳು ಎದ್ದು ಹೊರಡುವಾಗ ಬುತ್ತಿ ಬಿಚ್ಚಿ, ಮಗನ ಪಾಲು ಬೇರೆ ತೆಗೆದು, ನಾಲ್ಕು ರೊಟ್ಟಿ ಶೇಂಗಾ ಚಟ್ನಿ ನನ್ನ ಮುಂದೆ ಕುಕ್ಕಿದಳು. ಸಿಟ್ಟು ನನ್ನ ಮೇಲೇ ಇತ್ತು, ಆದರೂ ಬುತ್ತಿ ಕಟ್ಟುವಾಗ ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಳು.

ಸಂಜೆ ದಾವಲ್ ಮೇಲೆ ಬಂದ. ಕಿವಿಯಿಂದ ಇನ್ನೂ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು. "ಮೇಡಂ, ನಂಗ ಇದು ಆಗಂಗಿಲ್ರಿ. ಅಜ್ಜಿ ಕರದಾಗ ಸುಮ್ಕ ಕೂತೆನಲ್ರಿ, ಆ ಮ್ಯಾಲ ಆಕಿ ಮಾರಿ ನೋಡಾಕ ಆಗಲಿಲ್ರಿ. ಪೈಲಟ್ ಆಗಾಕ ಇದ ಬೇಕಂದ್ರ ನನ್ನ ಹೆಸರ ತಗದ ಬಿಡ್ರಿ" ಅಂದ. ಏಳನೇ ಇಯತ್ತೆಯಿಂದ ಹಿಡಿದು ಬಂದ ಆಸೆಯನ್ನು ಅವನು ಅಷ್ಟು ಮೆಲ್ಲಗೆ ಕೆಳಗಿಟ್ಟ. ನನಗೆ ನನ್ನ ಮೇಲೇ ಅಸಹ್ಯವಾಯಿತು. ವಾರ ತಡಿ ಎಂದಷ್ಟೇ ಹೇಳಿದೆ. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಆ ವಾರ ಹೆಸರುಕಾಯಿ ಬಿಡಿಸುವ ಸುಗ್ಗಿ. ಮಳೆ ಬಿಟ್ಟೂಬಿಡದೆ ಹಿಡಿದು ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತಿದ್ದವು, ಎಲ್ಲರಿಗೂ ಅವಸರ. ಸಂಜೆ ನವಲಗುಂದದ ಮನೆಗೆ ನಾನು ಹಿಡಿಯುತ್ತಿದ್ದ ಬಸ್ಸು ಕೆಟ್ಟು ನಿಂತಿದ್ದರಿಂದ ಅದರ ಹಿಂದಿನ ಬಸ್ಸಿಗೆ ಹತ್ತಿದೆ. ಹೆಸರು ಬಿಡಿಸಿ ಬಂದ ಹೆಂಗಸರು, ಚೀಲ, ಬುಟ್ಟಿ, ಒಂದು ಆಡು. ಕಾಲಿಡಲು ಜಾಗವಿಲ್ಲದೆ ತಳ್ಳಿಸಿಕೊಂಡು ಡ್ರೈವರನ ಬಾಜುವಿಗೆ ಹೋಗಿ ನಿಂತೆ.

ಬಸ್ಸು ಬಿಟ್ಟಲ್ಲಿಂದ ಹಿಂದೆ ಒಂದೇ ಗದ್ದಲ. "ಡ್ರೈವರ್ ಸಾಹೇಬ್ರ, ಹೊಲದ ಹಂತ್ಯಾಕ ನಿಲ್ಲಸ್ರಿ!" "ಏ ಅಣ್ಣಾ, ನಮ್ಮ ಬುಟ್ಟಿ ಉಳೀತು!" "ಕಾಕಾ, ಸಾವಕಾಶ ರೀ, ಆಡು ಬೀಳತೈತಿ!" ಆ ಮನುಷ್ಯ ಅತ್ತಿತ್ತ ನೋಡಲಿಲ್ಲ. ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗಿನ ಮೇಲೆ. ಅಷ್ಟೊತ್ತಿಗೆ ಹಿಂದಿನಿಂದ ಕಂಡಕ್ಟರನ ಸೀಟಿ ಒಮ್ಮೆ ಕೇಳಿತು. ಬಸ್ಸು ಮೆತ್ತಗೆ ನಿಂತಿತು. ಎರಡು ಸಲ ಕೇಳಿತು. ಬಸ್ಸು ಹೊರಟಿತು.

ಬಾಗಿ ಕೇಳಿದೆ. "ಕಾಕಾ, ಅಷ್ಟ ಮಂದಿ ಒದರಾಕತ್ತಾರ. ನಿಮಗ ಕೇಳಸೂದಿಲ್ಲೇನ್ರಿ?"

"ಎಲ್ಲಾ ಕೇಳತೈತ್ರಿ. ಆಡಿಂದೂ ಕೇಳತೈತಿ."

"ಮತ್ತ ಓ ಅನ್ನಂಗಿಲ್ಲಲ್ರಿ?"

ಅವರು ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕರು. "ಅವ್ರಿಗೆ ಓ ಅನ್ನಾಕ ಕಂಡಕ್ಟರ್ ಅದಾನಲ್ರಿ. ನಾ ಸೀಟಿಗೆ ಓ ಅಂತೀನಿ. ಎಲ್ಲಾರಿಗೂ ನಾನ ಓ ಅಂದ್ರ ಕಂಡಕ್ಟರ್ ಯಾಕ ಬೇಕು, ಮನಿಗೆ ಹೋಗಿ ಮಲಗಲಿ ಅಂವ." ಸ್ವಲ್ಪ ದೂರ ಹೋದ ಮೇಲೆ ಅವರೇ ಮತ್ತೆ ಮಾತು ತೆಗೆದರು. "ನೀವು ತಲಿ ನೋಡೂ ಅಕ್ಕಾರಲ್ರಿ? ಹುಡುಗನ್ನ ಬಿಡಾಕ ಬಂದಾಗ ದೂರಿಂದ ನೋಡಿದ್ದೆ, ಈಗ ಕನ್ನಡ್ಯಾಗ ನೋಡೇ ಗುರ್ತ ಹಿಡದೆ. ನಮ್ಮಾಕಿ ಸೋಮವಾರ ಬಂದು ನಿಮಗ ಜೋರ ಮಾಡಿದ್ಲಂತ. ಮನಸಿಗೆ ಹಚ್ಕೋಬ್ಯಾಡ್ರಿ. ನಾ ದಾವಲನ ಅಪ್ಪರಿ."

ತಂದೆಯ ಉದ್ಯೋಗ ಏನೆಂದು ನನ್ನ ಫಾರ್ಮಿನಲ್ಲಿ ಕೇಳಿರಲಿಲ್ಲ. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಆದರೆ ಬಾಗಲು ಜಾಗವಿರಲಿಲ್ಲ. ಬರುವ ಭಾನುವಾರ ಮಗನನ್ನು ಬಸ್ಸಿನ ಬಾನೆಟ್ಟಿನ ಮೇಲೆ ಕೂಡಿಸಿಕೊಂಡು ದಿನಪೂರ್ತಿ ತಿರುಗಿಸಿರಿ, ಈಗ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿರಿ ಎಂದು ಬೇಡಿಕೊಂಡೆ.

ಮುಂದಿನದನ್ನು ಅವರೇ ಹೇಳಿದ್ದು. ಮೊದಲ ಟ್ರಿಪ್ಪಿನಲ್ಲಿ ದಾವಲ್ ತಿರುಗಿ ಕೂತು ಪ್ರತಿಯೊಬ್ಬರಿಗೂ "ನಿಲ್ಲಸ್ತಾರ್ರಿ, ತಡೀರಿ, ಹೇಳೀನ್ರಿ" ಎಂದು ಸಮಾಧಾನ ಮಾಡಿದ. ಕಂಡಕ್ಟರನಿಗೆ ಕೆಲಸವೇ ಉಳಿಯಲಿಲ್ಲ. ಎರಡನೇ ಟ್ರಿಪ್ಪಿಗೆ ಅಪ್ಪ ಅವನ ಮುಖ ಹಿಡಿದು ರಸ್ತೆಯ ಕಡೆ ತಿರುಗಿಸಿದರು. ಮೂರನೆಯದರಲ್ಲಿ ತುಟಿ ಮಾತ್ರ ಆಡುತ್ತಿದ್ದವು. ನಾಲ್ಕನೆಯದರಲ್ಲಿ ಹುಡುಗ ಪೂರ್ತಿ ಸುಮ್ಮನಾದ. ಸೋಮವಾರ ನನ್ನ ಮುಂದೆ ನಿಂತಾಗ ಅವನ ಮುಖ ಹಗುರಾಗಿತ್ತು.

"ಮೇಡಂ, ಬ್ಯಾರೇ ನಂಬರಿನವ್ರಿಗೆ ಓ ಅನ್ನಾಕ ಅವ್ರವ್ರ ಮಂದಿ ಇರತಾರ. ಹೌದಲ್ರಿ?"

"ಹೌದಪಾ. ಇದ್ದ ಇರತಾರ."

"ಮದಲ ಹೇಳಬಾರದೇನ್ರಿ ಇದನ್ನ!" ಅಂದ.

ಮೊದಲ ಕೆಲಸವಾಗಿ ಅವನು ಮೊರಬಕ್ಕೆ ಫೋನು ಹಚ್ಚಿ ಅಜ್ಜಿಗೆ ಹತ್ತು ಸಲ ಓ ಅಂದ. ಆಮೇಲೆ ಅಡುಗೆಮನೆಗೆ ಹೋದ. ಗಂಗಕ್ಕ ಒಮ್ಮೆಗೇ ಐದು ರೊಟ್ಟಿ ಹಾಕಿದಳು.

ಮೂರನೇ ಪರೀಕ್ಷೆಯ ದಿನ ಮಳೆ ಹಿಂದೆ ಸರಿದಿತ್ತು. ಶಾಲೆಯ ಮುಖ್ಯಸ್ಥರಾದ ಕ್ಯಾಪ್ಟನ್ ತಾವೇ ಬಂದು ಕೂತರು. ಮೈಸೂರು ಕಡೆಯವರು, ಮೆದು ಮಾತಿನವರು, ಆದರೆ ನಿಯಮದ ವಿಷಯಕ್ಕೆ ಕಲ್ಲು. ದಾವಲ್ ಹೆಡ್‌ಫೋನು ಹಾಕಿಕೊಂಡ. ನಾನು ಇನ್ನೊಂದನ್ನು ಒಂದೇ ಕಿವಿಗೆ ಹಾಕಿಕೊಂಡೆ. ಚುಕ್ಕೆ ಓಡಿತು, ಲೆಕ್ಕ ಬಂದವು, ಆ ಹೆಂಗಸಿನ ದನಿ ಶುರುವಾಯಿತು. ಟೂ. ನೈನ್. ಅವನ ಹೆಬ್ಬೆರಳು ಅಲುಗಲಿಲ್ಲ. ಸೆವೆನ್. ಒತ್ತಿದ. ಆಮೇಲೆ ಯಂತ್ರ ತನ್ನ ಕಪಟ ತೋರಿಸಿತು. "ನಂಬರ್ ಫೋರ್. ನಂಬರ್ ಫೋರ್. ನಂಬರ್ ಫೋರ್." ಮೇಲಿಂದ ಮೇಲೆ, ಪ್ರತಿ ಸಲವೂ ಸ್ವಲ್ಪ ಗಾಬರಿಯಿಂದ. ಅವನ ಕುತ್ತಿಗೆಯ ಮೇಲೆ ಬೆವರಿನ ಹನಿ ಇಳಿದವು. ಬೆರಳು ಗುಂಡಿಯ ತನಕ ಹೋಯಿತು, ಒತ್ತಲಿಲ್ಲ.

ಅದೇ ಹೊತ್ತಿಗೆ ಕೆಳಗೆ ಯಾರೋ ಮಂಟಪ ನೋಡಲು ಬಂದರು. ದೀಪಾವಳಿ ಆದ ಮೇಲಿನ ಲಗ್ನಕ್ಕಿರಬೇಕು. ಮೆಟ್ಟಿಲ ಬುಡದಿಂದ ದನಿ ಬಂತು.

"ಮ್ಯಾಲ ಯಾರದೀರ್ರಿ?"

ಕ್ಯಾಪ್ಟನ್ ತುಟಿಯ ಮೇಲೆ ಬೆರಳಿಟ್ಟರು. ನಾನು ತಲೆಯಾಡಿಸಿದೆ.

"ಯಾರದೀರ್ರೀ ಮ್ಯಾಲ?"

ದುಪಟ್ಟಾ ಬಾಯಲ್ಲಿ ತುರುಕಿಕೊಂಡೆ.

"ಏನು, ಯಾರೂ ಇಲ್ಲೇನ್ರಿ? ಅವ್ವಾರ! ಅಣ್ಣಾರ!"

"ಅದೇವ್ ರೀ! ಬಂದೆ ರೀ!" ಎಂದು ಮೂರು ಓಣಿಗೆ ಕೇಳುವಂತೆ ಒದರಿದವಳು ನಾನು.

ಪರೀಕ್ಷೆ ನಡೆದಾಗ ಪರೀಕ್ಷಕರು ಬಾಯಿ ತೆರೆದರೆ ಆ ಸರದಿ ರದ್ದು. ನಿಯಮ ಹಾಗಿತ್ತು, ಮೊದಲ ದಿನ ಎಲ್ಲರೆದುರು ಓದಿ ಹೇಳಿದ್ದು ನಾನೇ. ಅವನಿಗೆ ನಾಲ್ಕನೇ ಸಲ ಇರಲಿಲ್ಲ. ದಾವಲ್ ಮಾತ್ರ ತಿರುಗಿ ನೋಡಲಿಲ್ಲ. ಚುಕ್ಕೆ ವೃತ್ತದೊಳಗೇ ಇತ್ತು.

ಮುಗಿದ ಮೇಲೆ ಅವನನ್ನು ಹೊರಗೆ ಕಳಿಸಿ ಹಾಳೆ ತೆಗೆದೆ. ಬೇರೆಯವರ ಕರೆಗೆ ಒತ್ತಿದ್ದು ಸೊನ್ನೆ. ಷರಾದ ಜಾಗದಲ್ಲಿ "ಪರೀಕ್ಷಕಿ ನಡುವೆ ಕೂಗಿದರು" ಎಂದು ಬರೆದೆ. ಬರೆಯುವಾಗ ಕಣ್ಣು ಮಂಜಾಗಿ ಅಕ್ಷರ ಸೊಟ್ಟಾದವು. ಕ್ಯಾಪ್ಟನ್ ಅದನ್ನು ಎರಡು ಸಲ ಓದಿದರು.

"ನಿಯಮದ ಪ್ರಕಾರ ಇದನ್ನ ರದ್ದು ಮಾಡಬೇಕಮ್ಮ."

"ಹೌದು ಸರ್. ತಪ್ಪು ನನ್ನದು, ಆ ಹುಡುಗಂದಲ್ಲ."

ಅವರು ಕಿಟಕಿಯ ಹೊರಗೆ ನೋಡಿದರು. ಎಷ್ಟೋ ದಿನದ ಮೇಲೆ ಆಕಾಶ ನೀಲಿಯಾಗಿತ್ತು. "ಆ ನಿಯಮ ಇರೋದು ಯಾಕೆ? ಪರೀಕ್ಷಕರ ದನಿಯಿಂದ ಹುಡುಗನ ಗಮನ ಕೆಡಬಾರದು ಅಂತ. ನೀವು ಅಷ್ಟು ಜೋರಾಗಿ ಕೂಗಿದಿರಿ, ನನ್ನ ಕೈಲಿದ್ದ ಪೆನ್ನು ಬಿದ್ದುಹೋಯ್ತು. ಅವನು ರೆಪ್ಪೆ ಕೂಡ ಬಡೀಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ನನ್ನ ಹತ್ತಿರ ಇಲ್ಲ." ಸಹಿ ಹಾಕಿ ಪೆನ್ನು ಮುಚ್ಚಿದರು. "ಆದರೆ ನಿಮಗೆ ಮಾತ್ರ ಯಾವತ್ತೂ ವಿಮಾನ ಕೊಡಲ್ಲ ಬಿಡಿ."

ದಾವಲ್ ಮೆಟ್ಟಿಲ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂತಿದ್ದ. ಪಾಸಾದಿ ಎಂದೆ. ಅವನು ಮುಖ ಮುಚ್ಚಿಕೊಂಡ, ಭುಜ ಅಲುಗುತ್ತಿದ್ದವು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಾದ ಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಮೇಲೆ ನೋಡಿದ. ಖುಷಿಯ ಮುಖವೇ, ಆದರೆ ಹುಬ್ಬಿನ ನಡುವೆ ಒಂದು ಗಂಟು.

"ಮೇಡಂ, ಒಂದ ಮಾತ ಕೇಳ್ಲೇನ್ರಿ?"

"ಕೇಳಪಾ."

"ಆ ಫೋರ್ ನಂಬರಿನವ್ರನ್ನ ಭಾಳ ಹೊತ್ತ ಕರದ್ರಲ್ರಿ. ಕಡೀಕ ಅವ್ರ ಮಂದಿ ಯಾರರ ಓ ಅಂದ್ರೇನ್ರಿ?"

ಆ ದನಿ ಬರೀ ರೆಕಾರ್ಡಿಂಗು. ಫೋರ್ ನಂಬರಿನ ವಿಮಾನ ಎಂಬುದು ಎಲ್ಲೂ ಇಲ್ಲ, ಅದರಲ್ಲಿ ಯಾರೂ ಕೂತಿಲ್ಲ. ಆ ನಾಲ್ಕು ತಿಂಗಳಲ್ಲಿ ಒಂದು ಹಾಳೆಯ ಮೇಲೂ ಸುಳ್ಳು ಬರೆಯದ ನಾನು ಅವನ ಮುಖ ನೋಡಿದೆ.

"ಹೂಂ, ಅಂದ್ರು. ನಾನ ಕೇಳೀನಿ" ಅಂದೆ.

"ಹಂಗಾರ ಚಲೋ ಆತ್ರಿ" ಎಂದು ಅವನು ಎದ್ದು ಊಟಕ್ಕೆ ಇಳಿದು ಹೋದ.